ಕೆಲಸ ಬಿಟ್ಟ ಕಾರಣ

ಚೆಂಬೂರು ಸ್ಟೇಷನ್ನಿನ ಹತ್ತಿರ ನಮ್ಮದೊಂದು ಹೋಟೆಲ್ ಇದೆ. ಮಾವನವರು ಉಡುಪಿ ಕಡೆಯಿಂದ ಬಂದು ಶುರು ಮಾಡಿದ್ದು, ಈಗ ನನ್ನ ಗಂಡ ನಡೆಸುತ್ತಾರೆ. ಅಡುಗೆಮನೆ, ಗಲ್ಲಾ, ಗಿರಾಕಿಗಳ ದೂರು ಎಲ್ಲ ಅವರ ಪಾಲು. ಕಾಗದಪತ್ರ ನನ್ನ ಪಾಲು. ನಾನು ಮದುವೆಯಾಗಿ ಬಂದ ಮೂರನೆಯ ತಿಂಗಳಿಗೆ ಮಾವ ಕಬ್ಬಿಣದ ಕಪಾಟಿನ ಬೀಗದಕೈ ಕೊಟ್ಟು, "ನೀನು ಕಾಮರ್ಸ್ ಓದಿದವಳು, ಇದನ್ನೆಲ್ಲ ನೀನೇ ನೋಡು" ಎಂದಿದ್ದರು. ಲೈಸೆನ್ಸು, ಕೆಲಸದವರ ಹಾಜರಿ, ಭವಿಷ್ಯನಿಧಿ, ವಿಮೆ, ಎಲ್ಲ ಅದರೊಳಗಿದ್ದವು. ಕಪಾಟು ಹೋಗಿ ಕಂಪ್ಯೂಟರ್ ಬಂದರೂ ಆ ಕೆಲಸ ನನ್ನ ಬಳಿಯೇ ಉಳಿಯಿತು.

ಹಾಗಾಗಿ ಒಂದು ಮಧ್ಯಾಹ್ನ ಹೋಟೆಲ್ ಮಾಲೀಕರ ಸಂಘದಿಂದ ಫೋನು ಬಂದಾಗ ಗಂಡ ಅದನ್ನು ನೇರ ನನ್ನ ಕೈಗೆ ಕೊಟ್ಟರು.

"ಕಾರ್ಮಿಕರ ವಿಮೆ ಉಂಟಲ್ಲ, ಅದರ ಸಲಹಾ ಸಮಿತಿಗೆ ಮಾಲೀಕರ ಕಡೆಯಿಂದ ಒಬ್ಬರು ಬೇಕಂತೆ. ಮೂರು ತಿಂಗಳಿಗೊಂದು ಮೀಟಿಂಗು. ಇಲ್ಲಿ ಯಾರಿಗೂ ಪುರುಸೊತ್ತಿಲ್ಲ. ನೀವು ಹೋಗ್ತೀರಾ ಅಕ್ಕ?" ಎಂದು ಸಂಘದ ಕಾರ್ಯದರ್ಶಿ ಕೇಳಿದರು.

"ಅಲ್ಲಿ ನಾನು ಎಂತ ಮಾಡ್ಬೇಕು?"

"ಎಂತ ಇಲ್ಲ. ಹೋಗಿ ಕೂತ್ಕೊಂಡು ಬರುವುದು. ಚಾ ಕೊಡ್ತಾರೆ."

ಹೋಗಿ ಕೂತುಕೊಂಡು ಬರುವುದಾದರೆ ಅಡ್ಡಿಯಿಲ್ಲ ಎಂದು ಒಪ್ಪಿಕೊಂಡೆ.

ಸಮಿತಿಯ ಸಭೆ ನಡೆಯುವುದು ಬೈಕುಲ್ಲಾದ ಒಂದು ಹಳೆಯ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ. ಕುರ್ಲಾದಲ್ಲಿ ಲೋಕಲ್ ಬದಲಿಸಿ, ಬೈಕುಲ್ಲಾದಲ್ಲಿ ಇಳಿದು, ತರಕಾರಿ ಲಾರಿಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಉದ್ದನೆಯ ಮೇಜು, ಹಸಿರು ಬಟ್ಟೆ, ಪ್ರತಿಯೊಬ್ಬರ ಎದುರಿಗೂ ಒಂದು ದಪ್ಪ ಫೈಲು. ಒಂದು ಕಡೆ ನಮ್ಮಂಥ ಮಾಲೀಕರು, ಇನ್ನೊಂದು ಕಡೆ ಕಾರ್ಮಿಕರ ಪ್ರತಿನಿಧಿಗಳು, ಮೇಜಿನ ತುದಿಯಲ್ಲಿ ಅಧ್ಯಕ್ಷತೆಗೆ ವಿಮಾ ಕಚೇರಿಯ ಅಧಿಕಾರಿ. ಅವರು ನಾಗಪುರ ಕಡೆಯ ಹೆಂಗಸು, ನನ್ನದೇ ವಯಸ್ಸಿನವರು. ಸದಾ ಅವಸರದಲ್ಲಿರುತ್ತಿದ್ದರು, ಆದರೆ ಯಾರಾದರೂ ಮಾತನಾಡತೊಡಗಿದರೆ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

ಈ ವಿಮೆಯಿಂದ ಕೆಲಸದವರಿಗೆ ಆಸ್ಪತ್ರೆ, ಔಷಧಿ ಸಿಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಕೆಲಸ ಕಳೆದುಕೊಂಡವರಿಗೂ ಅದರಲ್ಲಿ ಒಂದು ಭತ್ಯೆ ಉಂಟು ಎನ್ನುವುದು ಮೊದಲ ಸಭೆಯಲ್ಲೇ ತಿಳಿದದ್ದು. ತನ್ನ ತಪ್ಪಿಲ್ಲದೆ ಕೆಲಸ ಹೋದವರಿಗೆ, ಇನ್ನೊಂದು ಕೆಲಸ ಹುಡುಕಿಕೊಳ್ಳುವ ತನಕ, ಕೆಲವು ತಿಂಗಳು ಸಂಬಳದ ಒಂದು ಭಾಗ ಬರುತ್ತದೆ. ಅದು ಸರಿಯಾಗಿ ತಲುಪುತ್ತಿದೆಯೇ, ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕಾರವಾದವು, ಯಾಕೆ, ಎಂದು ನೋಡುವುದೇ ನಮ್ಮ ಸಮಿತಿಯ ಕೆಲಸ. ಹುಕುಂ ಮಾಡುವ ಅಧಿಕಾರ ನಮಗಿಲ್ಲ. ಕೇಳಬಹುದು, ನೋಡಬಹುದು, ಹೀಗೆ ಮಾಡಿದರೆ ಒಳ್ಳೆಯದು ಎಂದು ಬರೆದು ಮೇಲಿನ ಕಚೇರಿಗೆ ಕಳಿಸಬಹುದು.

ಮೊದಲ ಎರಡು ಸಭೆಗಳಲ್ಲಿ ನಾನು ಬಾಯಿ ಬಿಡಲಿಲ್ಲ. ಎದುರು ಸಾಲಿನಲ್ಲಿ ಕಾರ್ಮಿಕರ ಕಡೆಯ ಒಬ್ಬ ವೃದ್ಧರು ಕೂರುತ್ತಿದ್ದರು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಡೀ ಆಯಸ್ಸು ಕಳೆದು ನಿವೃತ್ತರಾದವರು. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲಿನ ಅಡಿಪಟ್ಟಿ. ಫೈಲಿನ ಕೋಷ್ಟಕಗಳನ್ನು ಓದುವಾಗ ಅದನ್ನು ಸಾಲಿನ ಕೆಳಗಿಟ್ಟು, ಒಂದೊಂದೇ ಸಾಲು ಸರಿಸುತ್ತ ಹೋಗುತ್ತಿದ್ದರು. ಎರಡನೆಯ ಸಭೆ ಮುಗಿದು ಮೆಟ್ಟಿಲು ಇಳಿಯುವಾಗ ಅವರು ಮರಾಠಿಯಲ್ಲಿ ಕೇಳಿದರು, "ಬಾಯಿಯವರೇ, ನೀವು ಫೈಲನ್ನು ಎಲ್ಲಿಂದ ಓದುತ್ತೀರಿ?"

"ಮೊದಲ ಪುಟದಿಂದ."

"ಕೊನೆಯ ಪುಟದಿಂದ ಓದಿ. ಮೊದಲ ಪುಟದಲ್ಲಿ ಎಷ್ಟು ಜನರಿಗೆ ಕೊಟ್ಟೆವು ಅಂತ ಇರುತ್ತದೆ. ಕೊಡದೆ ಇದ್ದವರು ಇರುವುದು ಕೊನೆಯ ಪುಟದಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಚಹಾ ಮುಗಿದು ಎಲ್ಲರಿಗೂ ಟ್ರೇನಿನ ಚಿಂತೆ."

ಮೂರನೆಯ ಸಭೆಯಲ್ಲಿ ಅವರು ಹಟ ಹಿಡಿದು ಕೊನೆಯ ಪುಟವನ್ನು ಮೊದಲು ತೆಗೆಸಿದರು. ತಿರಸ್ಕಾರವಾದ ಅರ್ಜಿಗಳ ಪಟ್ಟಿ. ಹೆಸರುಗಳಿರಲಿಲ್ಲ. ಎಂಥ ಕೆಲಸ, ಯಾವ ಪ್ರದೇಶ, ಎಷ್ಟು ವರ್ಷ, ಅರ್ಜಿದಾರರು ಏನಾದರೂ ಬರೆಸಿದ್ದರೆ ಅದು, ತಿರಸ್ಕರಿಸಿದ ಕಾರಣ, ಇಷ್ಟೇ. ದಾದಾ ಅಡಿಪಟ್ಟಿ ಸರಿಸುತ್ತ ಗಟ್ಟಿಯಾಗಿ ಓದತೊಡಗಿದರು.

"ಪ್ಯಾಕಿಂಗ್ ಕೆಲಸ, ಕುರ್ಲಾ, ನಾಲ್ಕು ವರ್ಷ. ತಾನಾಗಿ ಕೆಲಸ ಬಿಟ್ಟದ್ದು. ವಾಚ್‌ಮನ್, ವಡಾಲ, ಆರು ವರ್ಷ. ತಾನಾಗಿ ಬಿಟ್ಟದ್ದು. ಲೇತ್ ಕೆಲಸ, ಬೈಕುಲ್ಲಾ, ಹನ್ನೊಂದು ವರ್ಷ. ತಾನಾಗಿ ಬಿಟ್ಟದ್ದು." ಅವರು ತಲೆಯೆತ್ತಿದರು. "ಮ್ಯಾಡಮ್, ಈ ಮುಂಬಯಿಯಲ್ಲಿ ಇಷ್ಟು ಜನ ಖುಷಿಯಿಂದ ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದಾರೆಯೇ? ಬಿಟ್ಟವರು ಮತ್ತೆ ನಿಮ್ಮ ಕಿಟಕಿಯ ಎದುರು ಯಾಕೆ ಸಾಲು ನಿಲ್ಲುತ್ತಾರೆ?"

ಅಧಿಕಾರಿ ಶಾಂತವಾಗಿಯೇ ಹೇಳಿದರು, "ದಾದಾ, ಮಾಲೀಕರು ಕಂಪ್ಯೂಟರಿನಲ್ಲಿ ಏನು ತುಂಬುತ್ತಾರೋ ಅದನ್ನೇ ನಾವು ನಂಬಬೇಕು. ತಾನಾಗಿ ಬಿಟ್ಟವರಿಗೆ ಭತ್ಯೆ ಇಲ್ಲ. ಅದು ನಿಯಮ."

ದಾದಾ ಮತ್ತೆ ಅಡಿಪಟ್ಟಿಗೆ ಮರಳಿದರು. "ಹೆಂಗಸು. ಹೋಟೆಲಿನ ಅಡುಗೆಮನೆ, ಚೆಂಬೂರು. ಒಂಬತ್ತು ವರ್ಷ. ಕಟ್ಟಡ ಕೆಡವಿದ್ದರಿಂದ ಹೋಟೆಲ್ ಸ್ಥಳಾಂತರ ಎಂದು ಅರ್ಜಿಯಲ್ಲಿ ಬರೆಸಿದ್ದಾಳೆ. ಕಚೇರಿ ಹೇಳುವುದು, ತಾನಾಗಿ ಬಿಟ್ಟದ್ದು."

ನನ್ನ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟೆ. ಚೆಂಬೂರಿನಲ್ಲಿ ಹೋಟೆಲುಗಳು ಬೇಕಾದಷ್ಟಿವೆ, ಕಟ್ಟಡ ಕೆಡವುವುದೂ ಈಗ ದಿನಬೆಳಗಾದರೆ ನಡೆಯುತ್ತದೆ. ಆದರೆ ಒಂಬತ್ತು ವರ್ಷ ಅಡುಗೆಮನೆಯಲ್ಲಿ ದುಡಿದ ಹೆಂಗಸು ನನಗೆ ಗೊತ್ತಿದ್ದಂತೆ ಒಬ್ಬಳೇ. ಅವಳು ನಮ್ಮ ಮೌಶಿ.

ಅವಳು ವಿಜಯಪುರದ ಕಡೆಯವಳು. ಬೆಳಿಗ್ಗೆ ಆರಕ್ಕೆ ವಡಾಲದಿಂದ ಬಂದು ಮೂಟೆಗಟ್ಟಲೆ ಈರುಳ್ಳಿ, ಆಲೂಗಡ್ಡೆ ಹೆಚ್ಚಿ, ಎರಡು ಗ್ರೈಂಡರ್ ಹಿಟ್ಟು ತೆಗೆದು, ಆಮೇಲೆ ಚಪಾತಿಗೆ ಕೂರುತ್ತಿದ್ದಳು. ಇಡೀ ಹೋಟೆಲ್ ಅವಳನ್ನು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹೇಳುವಂತೆ, ಮೌಶಿ ಎಂದೇ ಕರೆಯುತ್ತಿತ್ತು. ಹಿಂದಿನ ವರ್ಷ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಹೊಸ ಕಟ್ಟಡ ಏಳುವ ತನಕ ನಾವು ರೈಲು ಹಳಿಯ ಆಚೆಗೆ ಒಂದು ಸಣ್ಣ ಮಳಿಗೆ ಹಿಡಿದೆವು. ಅಲ್ಲಿ ನಿಂತು ತಿನ್ನುವುದು, ಪಾರ್ಸೆಲ್ ಒಯ್ಯುವುದು ಮಾತ್ರ. ಅರ್ಧ ಜನರನ್ನು ಕಡಿಮೆ ಮಾಡಲೇಬೇಕಾಯಿತು. ಗಂಡ ಒಬ್ಬೊಬ್ಬರನ್ನೇ ಕರೆದು ಹೇಳಿದರು, ಬರಬೇಕಾದದ್ದನ್ನೆಲ್ಲ ಕೊಟ್ಟರು, ಕೊನೆಯ ದಿನ ಪಾಯಸದ ಊಟ ಹಾಕಿದರು. ನಮ್ಮ ಅಡುಗೆಯ ಭಟ್ಟರು ಕಣ್ಣೊರೆಸಿಕೊಂಡರು. ಅಷ್ಟಕ್ಕೆ ನಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆ.

ಆ ಸಭೆಯಲ್ಲೂ ನಾನು ಮಾತನಾಡಲಿಲ್ಲ. ದಾದಾ ಮುಂದಿನ ಸಾಲಿಗೆ ಹೋದರು, ಸಭೆ ಮುಗಿಯಿತು, ನಾನು ಯಾರಿಗೂ ಹೇಳದೆ ಮೆಟ್ಟಿಲಿಳಿದು ಬಂದೆ.

ಮನೆಗೆ ಬಂದವಳು ಚಪ್ಪಲಿ ತೆಗೆದು ನೇರ ಕಂಪ್ಯೂಟರಿನ ಎದುರು ಕೂತೆ. ಹೋಟೆಲ್ ಸ್ಥಳಾಂತರವಾದ ತಿಂಗಳ ದಾಖಲೆ ತೆರೆದೆ. ಏಳು ಜನರ ಹೆಸರಿನ ಎದುರೂ ಒಂದೇ ಕಾರಣ: ಕೆಲಸ ಬಿಟ್ಟಿದ್ದಾರೆ. ತುಂಬಿದವಳು ನಾನೇ. ಆ ಮಧ್ಯಾಹ್ನ ಚೆನ್ನಾಗಿ ನೆನಪಾಯಿತು. ಹೊಸ ಮಳಿಗೆಯ ಗ್ಯಾಸ್ ಸಂಪರ್ಕಕ್ಕಾಗಿ ಓಡಾಡುತ್ತಿದ್ದ ದಿನಗಳು. ಪರದೆಯ ಮೇಲೆ ಕಾರಣಗಳ ಉದ್ದನೆಯ ಪಟ್ಟಿ ಇಳಿದುಬಂದಾಗ ಗೊಂದಲವಾಗಿ, ಸರಕಾರಿ ಕಾಗದಗಳ ಸಲಹೆ ಕೊಡುವ ನಮ್ಮ ಕನ್ಸಲ್ಟೆಂಟಿಗೆ ಫೋನು ಮಾಡಿದ್ದೆ. ಅವನು, "ಮ್ಯಾಡಮ್, ಎಲ್ಲರಿಗೂ ಕೆಲಸ ಬಿಟ್ಟಿದ್ದಾರೆ ಅಂತ ಹಾಕಿ. ಬೇರೆ ಏನಾದರೂ ಹಾಕಿದರೆ ನಾಳೆ ಪ್ರಶ್ನೆ ಬರುತ್ತದೆ" ಎಂದಿದ್ದ. ಅದೇ ಪಟ್ಟಿಯಲ್ಲಿ, ಸ್ವಲ್ಪ ಕೆಳಗೆ, ಮಾಲೀಕರು ಕಡಿಮೆ ಮಾಡಿದ್ದು ಎನ್ನುವುದೂ ಇತ್ತು. ನಾನು ಅಷ್ಟು ಕೆಳಗೆ ಹೋಗಿರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಒಳ್ಳೆಯವರೇ, ಆದರೆ ಸರಕಾರಿ ಕಾಗದ ಎಂದರೆ ಹೆದರಿಕೆ.

"ಅಲ್ಲ ಮಾರಾಯ್ತಿ, ಸುಮ್ಮನೆ ಯಾಕೆ ಮೈಮೇಲೆ ಎಳ್ಕೊಳ್ಳುವುದು? ನಾಳೆ ಇನ್‌ಸ್ಪೆಕ್ಟರ್ ಬಂದು ಕೂತರೆ? ಬೇಕಿದ್ರೆ ಮೌಶಿಯನ್ನು ಕರೆದು ನಾವೇ ಏನಾದ್ರೂ ಕೊಡುವ."

"ನಾವು ಕೊಡುವುದು ದಾನ ಆಗ್ತದೆ. ಅದು ಅವಳ ವಿಮೆ. ಒಂಬತ್ತು ವರ್ಷ ಅವಳ ಸಂಬಳದಿಂದ ಹಿಡಿದು ಕಟ್ಟಿದವಳು ನಾನೇ ಅಲ್ವಾ?"

ಅವರು ಕೈತೊಳೆದು ಬಂದು, "ಅವಳ ಮನೆ ಎಲ್ಲಿ ಅಂತ ಭಟ್ಟರಿಗೆ ಗೊತ್ತುಂಟು" ಎಂದರು. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಮರುದಿನ ಹಾರ್ಬರ್ ಲೈನಿನಲ್ಲಿ ವಡಾಲಕ್ಕೆ ಹೋದೆ. ಸ್ಟೇಷನ್ನಿನಿಂದ ಬಂದರಿನ ಕಡೆಗೆ ನಡೆದರೆ ಗೋದಾಮುಗಳ ಹಿಂದೆ ಒಂದಕ್ಕೊಂದು ಆತುಕೊಂಡ ಕೋಣೆಗಳ ಸಾಲು. ಕೇಳುತ್ತ ಹೋದೆ. ಮೌಶಿ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ನಗಲಿಲ್ಲ.

"ಬರ್ರಿ ಅಕ್ಕಾರ. ಒಳಗ ಕುಂದರ್ರಿ."

ಹೋಟೆಲಿನಲ್ಲಿ ಒಂಬತ್ತು ವರ್ಷವೂ ಅವಳನ್ನು ನಾನು ಏಕವಚನದಲ್ಲಿ ಮಾತನಾಡಿಸಿದವಳು. ಅವಳ ಮನೆಯೊಳಗೆ ಚಾಪೆಯ ಮೇಲೆ ಕೂತಾಗ ಆ ಮಾತು ನಾಲಗೆಗೆ ಬರಲಿಲ್ಲ.

"ನಿಮ್ಮ ಅರ್ಜಿ ವಾಪಸ್ ಆದದ್ದು ಗೊತ್ತಾಯ್ತು ಮೌಶಿ" ಎಂದೆ.

"ಹೌದ್ರಿ. ದವಾಖಾನಿ ನರ್ಸಬಾಯಿ ಹೇಳಿದ್ಲು, ಕೆಲಸ ಹ್ವಾದ್ರ ವಿಮಾದಾಗ ಬರತೈತಿ, ಅರ್ಜಿ ಕೊಡು ಅಂತ. ನಾಕ್ ಸಲ ಅಡ್ಡಾಡೀನಿ. ಕಡೀಕ ಕಿಡಕ್ಯಾಗಿನ ಹುಡುಗಿ ಅಂದ್ಲು, ಮೌಶಿ ತುಮ್ ತೋ ಖುದ್ ಛೋಡ್ಕೆ ಗಯೀ, ನೀನಾಗೇ ಬಿಟ್ಟ್ ಹೋಗೀದಿ, ಅಂತ." ಅವಳ ದನಿ ಏರಲಿಲ್ಲ. ಸೊಪ್ಪಿನ ದಂಟನ್ನು ಮಾತ್ರ ಒಂದೊಂದಾಗಿ ಮುರಿಯುತ್ತಿದ್ದಳು. "ನಾ ಎಲ್ಲಿ ಬಿಟ್ಟೇನ್ರಿ ಅಕ್ಕಾರ? ನೀರ್ ನಿಂತು ಗಾಡಿ ಬಂದಾದ ದಿನಾನೂ ಹಳಿ ಮ್ಯಾಲ ನಡಕೋತ ಬಂದೀನಿ."

"ನೀವು ಬಿಡಲಿಲ್ಲ. ಬಿಟ್ಟಿದ್ದೀರಿ ಅಂತ ಬರೆದದ್ದು ನಾನು. ಪಟ್ಟಿ ಪೂರ್ತಿ ನೋಡದೆ ಬರೆದೆ. ತಪ್ಪಾಯ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಏನಾದರೂ ಬೈಯಬಹುದು ಎಂದುಕೊಂಡೆ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ನಮ್ಮ ಕೈಯಿಂದ ಏನಾದರೂ ಕೊಡುತ್ತೇವೆ ಎನ್ನುವ ಗಂಡನ ಮಾತನ್ನೂ ಹೇಳಿದೆ. ಅವಳು ಕೈ ಅಡ್ಡ ಆಡಿಸಿದಳು.

"ರೊಕ್ಕದ ಮಾತ್ ಬ್ಯಾರೆ. ಬಿಟ್ಟಾಳ ಅಂತ ಬರದೀರಲ್ಲ, ಅದು ಸುಳ್ಳು. ನಾಳಿ ಮತ್ತೊಂದ್ ಕಡೆ ಕೆಲಸಕ್ಕ ಹ್ವಾದ್ರ, ನಡುವ ಬಿಟ್ಟ್ ಓಡಿ ಬಂದಾಕಿ ಅಂತಾರ. ನೀವು ಬ್ಯಾಡಂದ್ರಿ, ಅದಕ್ಕ ನಾ ಹ್ವಾದೆ. ಅಷ್ಟ ಬರದ್ ಕೊಡ್ರಿ. ಮುಂದಿಂದು ನಾ ನೋಡ್ಕೋತೀನಿ."

ಆಮೇಲೆ ಚಹಾ ಮಾಡಿ ಕೊಟ್ಟಳು. ತನ್ನ ಗಂಡ ಬಿಲ್ಡಿಂಗ್ ಕೆಲಸಕ್ಕೆ ಮಾನಖುರ್ದಿಗೆ ಹೋಗುತ್ತಾನೆ, ಮಗಳು ಕಾಲೇಜಿಗೆ ಹೋಗುತ್ತಾಳೆ ಎಂದಳು. ಒಂದು ಗಂಟೆ ಕೂತಿದ್ದೆ. ಹೊರಡುವಾಗ ಸ್ಟೇಷನ್ನಿನ ತಿರುವಿನ ತನಕ ಬಂದು ಬಿಟ್ಟುಹೋದಳು.

ಬರೆದು ಕೊಡುವುದು ಒಂದು ಚೀಟಿಯ ಕೆಲಸ ಎಂದುಕೊಂಡಿದ್ದೆ. ಹೋಟೆಲಿನ ಲೆಟರ್‌ಹೆಡ್ಡಿನಲ್ಲಿ ಬರೆದು, ಗಂಡನ ಸಹಿ ಹಾಕಿಸಿ, ವಿಮಾ ಕಚೇರಿಯ ಕಿಟಕಿಗೆ ಒಯ್ದೆ. ಮೌಶಿ ಹೇಳಿದ ಹುಡುಗಿ ಅಲ್ಲೇ ಇದ್ದಳು. ಪತ್ರ ಓದಿ, ಕಂಪ್ಯೂಟರಿನಲ್ಲಿ ನೋಡಿ, ತಲೆಯಾಡಿಸಿದಳು.

"ಒಮ್ಮೆ ತುಂಬಿದ ಕಾರಣವನ್ನು ತಿದ್ದುವ ಅವಧಿ ಮುಗಿದಿದೆ ಮ್ಯಾಡಮ್."

"ಆದರೆ ನಾನೇ, ಮಾಲೀಕರೇ, ತಪ್ಪು ಅಂತ ಬರೆದು ಕೊಡ್ತಾ ಇದ್ದೇನಲ್ಲ?"

"ಪತ್ರ ತೆಗೆದುಕೊಳ್ಳುವ ಕ್ರಮ ಇಲ್ಲ. ಇದ್ದರೆ ನಾನು ಬೇಡ ಅನ್ನುತ್ತಿದ್ದೆನೇ?" ಅವಳ ಮುಖದಲ್ಲಿ ದರ್ಪವೇನೂ ಇರಲಿಲ್ಲ. ನನ್ನ ಹಿಂದೆ ಉದ್ದ ಸಾಲಿತ್ತು. "ಮೇಲಿನವರು ಹೇಳಿದರೆ ಮಾಡಬಹುದು."

ಮೇಲಿನವರಿಗೆ ಹೇಳುವವರು ಯಾರು ಎಂದು ಯೋಚಿಸುತ್ತ ಬಸ್ ಸ್ಟಾಪಿನಲ್ಲಿ ನಿಂತವಳಿಗೆ ನಗು ಬಂತು. ಮೂರು ತಿಂಗಳಿಗೊಮ್ಮೆ ಹೋಗಿ ಚಹಾ ಕುಡಿದು ಬರುತ್ತಿದ್ದದ್ದು ಅದಕ್ಕೇ ಅಲ್ಲವೇ?

ನಾಲ್ಕನೆಯ ಸಭೆಗೆ ಹೋಗುವಾಗ ಕುರ್ಲಾದಲ್ಲಿ ಎರಡು ಟ್ರೇನು ಬಿಟ್ಟೆ. ಜನಜಂಗುಳಿಗಾಗಿ ಅಲ್ಲ, ಹೇಳಬೇಕಾದ ಹಿಂದಿ ವಾಕ್ಯಗಳನ್ನು ಬೆಂಚಿನಲ್ಲಿ ಕೂತು ಮತ್ತೊಮ್ಮೆ ಜೋಡಿಸಿಕೊಳ್ಳಲು. ಸಭೆಯಲ್ಲಿ ಹಿಂದಿನ ನಡಾವಳಿ ಓದಿ ಮುಗಿಸಿ ಅಧಿಕಾರಿ ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ಕೈಯೆತ್ತಿದೆ.

"ಹಿಂದಿನ ಸಲ ದಾದಾ ಓದಿದ ಚೆಂಬೂರಿನ ಹೋಟೆಲ್ ನನ್ನದು" ಎಂದೆ. ನನ್ನ ಹಿಂದಿ ಅಷ್ಟಕ್ಕಷ್ಟೇ, ಅಂದು ಇನ್ನೂ ತಡವರಿಸಿತು. "ಆ ಹೆಂಗಸು ಕೆಲಸ ಬಿಡಲಿಲ್ಲ. ನಾವು ಕಡಿಮೆ ಮಾಡಿದ್ದು. ಕಾರಣ ತಪ್ಪು ತುಂಬಿದವಳು ನಾನು. ಅವಳೊಬ್ಬಳೇ ಅಲ್ಲ, ಏಳು ಜನರಿಗೂ ಹಾಗೇ ತುಂಬಿದ್ದೇನೆ. ಈಗ ತಿದ್ದಬೇಕು ಎಂದರೆ ದಾರಿಯಿಲ್ಲ."

ನನ್ನ ಪಕ್ಕದಲ್ಲಿ ಕೂತಿದ್ದ ಮಾಲೀಕರ ಕಡೆಯ ಇನ್ನೊಬ್ಬ ಸದಸ್ಯರು, ಬೈಕುಲ್ಲಾದಲ್ಲೇ ಯಂತ್ರದ ಬಿಡಿಭಾಗಗಳ ಕಾರ್ಖಾನೆ ಇಟ್ಟವರು, ನನ್ನ ಕಡೆ ವಾಲಿ, "ಮ್ಯಾಡಮ್, ನೀವು ಯಾರ ಕಡೆಯವರು?" ಎಂದು ಕೇಳಿದರು. ಪಿಸುಮಾತೇ, ಆದರೆ ಎಲ್ಲರಿಗೂ ಕೇಳಿಸಿತು.

ದಾದಾ ಮೇಜಿನ ಆಚೆಯಿಂದ ಹೇಳಿದರು, "ಅವರು ನಿಮ್ಮ ಕಡೆಯವರೇ. ಅದಕ್ಕೇ ಆ ಮಾತಿಗೆ ತೂಕ. ಇದನ್ನೇ ನಾನು ಹೇಳಿದರೆ ಯೂನಿಯನ್ನಿನವರ ಹಳೇ ಗೋಳು ಎನ್ನುತ್ತೀರಿ."

ಕಾರ್ಖಾನೆಯವರು ಫೈಲಿನ ದಾರ ಬಿಗಿದು ಕಟ್ಟಿದರು. ಆಮೇಲೆ, "ನಿಜ ಹೇಳುವುದಾದರೆ ಕಂಪ್ಯೂಟರಿನಲ್ಲಿ ನಾನೂ ಅದನ್ನೇ ಒತ್ತುವುದು" ಎಂದರು. "ನಮ್ಮ ಕನ್ಸಲ್ಟೆಂಟೂ ಅದನ್ನೇ ಹೇಳುತ್ತಾನೆ. ಅದರಿಂದ ಯಾರದ್ದೋ ಭತ್ಯೆ ನಿಲ್ಲುತ್ತದೆ ಅಂತ ಯಾರು ಹೇಳಿದ್ದರು?"

ಅಲ್ಲಿಂದ ಮುಂದೆ ಸಭೆಯ ರೀತಿಯೇ ಬದಲಾಯಿತು. ಎರಡು ಸಾಲುಗಳೂ ಒಂದೇ ವಿಷಯ ಮಾತನಾಡುತ್ತಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಧಿ ಮುಗಿದರೂ ಮಾಲೀಕರ ಪತ್ರವನ್ನು ಒಪ್ಪಿಕೊಳ್ಳಬೇಕು ಎಂದು ಕಾರ್ಖಾನೆಯವರೇ ಹೇಳಿದರು. ಮಾಲೀಕರೇ ಸಿಗದಂತೆ ಬಾಗಿಲು ಹಾಕಿಕೊಂಡು ಹೋದರೆ ಏನು ಗತಿ ಎಂದು ದಾದಾ ಕೇಳಿದರು. ಆಗ ಕೆಲಸಗಾರನೇ ಒಂದು ಪುಟದ ಆಕ್ಷೇಪಣೆ ಕೊಡಲಿ, ಕಚೇರಿ ವಿಚಾರಿಸಲಿ ಎಂದಾಯಿತು. ತಾನಾಗಿ ಬಿಟ್ಟದ್ದು ಎಂದು ತುಂಬಿದ ಕೂಡಲೇ ಕೆಲಸಗಾರನ ಮೊಬೈಲಿಗೆ ಒಂದು ಸಂದೇಶ ಹೋದರೆ ಅವನಿಗೆ ಆಗಲೇ ತಿಳಿಯುತ್ತದಲ್ಲ ಎಂದು ನಾನೂ ಒಂದು ಮಾತು ಸೇರಿಸಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದರು, ಮತ್ತೆ ಎತ್ತಿಕೊಂಡು ಬರೆದರು.

"ನಾನು ಮಾತು ಕೊಡಲಾರೆ. ಮೇಲಕ್ಕೆ ಕಳಿಸಬಲ್ಲೆ ಅಷ್ಟೇ" ಎಂದರು.

"ಕಳಿಸಿ. ಆದರೆ ನಡಾವಳಿಯಲ್ಲಿ ಚರ್ಚಿಸಲಾಯಿತು ಅಂತ ಬರೆಯಬೇಡಿ" ಎಂದರು ದಾದಾ. "ಚರ್ಚಿಸಿದ್ದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಸಮಿತಿ ಶಿಫಾರಸು ಮಾಡಿದೆ ಅಂತ ಬರೆಯಿರಿ. ಅದಕ್ಕೆ ಹೌದು ಅನ್ನಬೇಕು, ಇಲ್ಲವೇ ಯಾಕೆ ಇಲ್ಲ ಅಂತ ಹೇಳಬೇಕು."

ಅಧಿಕಾರಿ ನಕ್ಕರು. ಬರೆದದ್ದನ್ನು ಗಟ್ಟಿಯಾಗಿ ಓದಿ ತೋರಿಸಿದರು. ಶಿಫಾರಸು ಎಂದೇ ಇತ್ತು.

ಎಲ್ಲರೂ ಏಳುವಾಗ ಅವರು ನನ್ನನ್ನು ತಡೆದರು. ಒಂದು ಕೆಲಸ ಮಾತ್ರ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ, ಹೀಗಾದವರ ದೂರು ಬರೆದಿಟ್ಟುಕೊಳ್ಳಲು ಕಿಟಕಿಯ ಪಕ್ಕ ಸೂಚನಾಫಲಕ ಹಾಕುವುದು ಎಂದರು. ಮರಾಠಿ, ಹಿಂದಿ, ತಮಿಳಿಗೆ ಜನ ಇದ್ದಾರೆ, ಕನ್ನಡಕ್ಕೆ ನೀವು ಬರೆದು ಕೊಡುತ್ತೀರಾ ಎಂದು ಕೇಳಿದರು. ಸಂತೋಷದಿಂದ ಒಪ್ಪಿದೆ. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವಳು ನಾನು! ಎರಡು ದಿನ ಕೂತು ಬರೆದೆ. "ಸ್ವಯಂಪ್ರೇರಿತವಾಗಿ ಸೇವೆಯನ್ನು ತ್ಯಜಿಸಿರುವುದಾಗಿ ತಪ್ಪಾಗಿ ನಮೂದಿಸಲ್ಪಟ್ಟಿರುವ ವಿಮಾದಾರರು" ಎಂದು ಶುರುವಾಗುತ್ತಿತ್ತು.

ಅಷ್ಟು ಹೊತ್ತಿಗೆ ಮೌಶಿ ಮತ್ತು ನಾನು ಆಗಾಗ ಫೋನಿನಲ್ಲಿ ಮಾತನಾಡುತ್ತಿದ್ದೆವು. ಅವಳಿಗೂ ಓದಿ ಹೇಳೋಣ ಎನಿಸಿತು. ಕೊನೆಯ ತನಕ ಕೇಳಿದಳು.

"ಅಕ್ಕಾರ, ಇದು ಕನ್ನಡೇನ್ರಿ?"

"ಕನ್ನಡವೇ ಅಲ್ವಾ ಮತ್ತೆ?"

"ನಮ್ಮ ಮಂದಿ ಇದನ್ನ ಓದೂದ್ರಾಗ ಕಿಡಕಿ ಬಂದ್ ಆಗತೈತಿ. ಸೀದಾ ಬರೀರಿ. ನಿಮ್ಮನ್ನ ಕೆಲಸದಿಂದ ತೆಗದಾರೇನು? ನೀವಾಗಿ ಬಿಟ್ಟೀರಿ ಅಂತ ಸುಳ್ಳ ಬರದಾರೇನು? ಇಲ್ಲಿ ಹೇಳ್ರಿ. ಮುಗೀತು."

ನಾನು ಬರೆದದ್ದನ್ನು ಹರಿದು ಹಾಕಿ ಅವಳು ಹೇಳಿದ್ದನ್ನೇ ಬರೆದೆ. ಸುಳ್ಳು ಎನ್ನುವ ಕಡೆ ತಪ್ಪು ಎಂದು ಮಾತ್ರ ತಿದ್ದಿದೆ. ಕಚೇರಿಯ ಫಲಕದಲ್ಲಿ ಸುಳ್ಳು ಎಂದು ಬರೆಯಲು ಅಧಿಕಾರಿ ಒಪ್ಪುತ್ತಿರಲಿಲ್ಲ. ಕೆಳಗೆ ಯಾವ ಕಾಗದ ತರಬೇಕು ಎಂಬ ಎರಡು ಸಾಲು. ಅಧಿಕಾರಿ ನನ್ನಿಂದ ಅರ್ಥ ಕೇಳಿಕೊಂಡು, ಹಿಂದಿ, ಮರಾಠಿ, ತಮಿಳು ಫಲಕಗಳನ್ನೂ ಅದೇ ರೀತಿ ಮತ್ತೆ ಬರೆಸಿದರು.

ಮೇಲಿನ ಕಚೇರಿಯ ಉತ್ತರಕ್ಕೆ ಬಹಳ ಕಾದೆವು. ನಡುವೆ ಒಂದು ಸಭೆ ಮುಂದಕ್ಕೆ ಹೋಯಿತು. ಉತ್ತರ ಬಂದಾಗ ಕೇಳಿದ್ದೆಲ್ಲ ಸಿಕ್ಕಿರಲಿಲ್ಲ. ಮೊಬೈಲ್ ಸಂದೇಶದ ವಿಷಯ ಪರಿಶೀಲನೆಯಲ್ಲಿದೆ ಎಂದಿತ್ತು. ಈಗಲೂ ಪರಿಶೀಲನೆಯಲ್ಲೇ ಇದೆ. ದಾದಾ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಆದರೆ ಮಾಲೀಕರ ತಿದ್ದುಪಡಿ ಪತ್ರವನ್ನು ಒಪ್ಪಬಹುದು, ಕೆಲಸಗಾರರ ಆಕ್ಷೇಪಣೆಯನ್ನೂ ಪಡೆದು ವಿಚಾರಿಸಬಹುದು ಎಂದು ಸ್ಪಷ್ಟವಾಗಿ ಬರೆದಿದ್ದರು. ಹಳೆಯ ತಿರಸ್ಕಾರಗಳಿಗೂ ಅದು ಅನ್ವಯಿಸುತ್ತದೆ ಎನ್ನುವ ಸಾಲನ್ನು ಅಧಿಕಾರಿ ಎರಡು ಸಲ ಓದಿದರು.

ಏಳು ಜನರ ಪತ್ರಗಳನ್ನೂ ಒಂದೇ ದಿನ ಒಯ್ದೆ. ಗಂಡನೂ ಜೊತೆಗೆ ಬಂದರು. ಕಿಟಕಿಯ ಹುಡುಗಿ ಈ ಸಲ ಠಸ್ಸೆ ಹೊಡೆದು ಕೊಡುತ್ತ, "ಕ್ರಮ ಬಂತು ಮ್ಯಾಡಮ್" ಎಂದು ನಕ್ಕಳು. ಯಾವ ಇನ್‌ಸ್ಪೆಕ್ಟರೂ ಬರಲಿಲ್ಲ. ಏಳು ಜನರಲ್ಲಿ ನಾಲ್ವರಿಗೆ ಆಗಲೇ ಬೇರೆ ಹೋಟೆಲುಗಳಲ್ಲಿ ಕೆಲಸ ಸಿಕ್ಕಿತ್ತು, ಅವರು ಅರ್ಜಿ ಹಾಕಲಿಲ್ಲ. ಉಳಿದ ಮೂವರಿಗೆ ಭತ್ಯೆ ಬಂತು. ಮೌಶಿ ಫೋನು ಮಾಡಿದವಳು ಭತ್ಯೆಯ ಮಾತನ್ನು ಆಮೇಲೆ ಎತ್ತಿದಳು, ಮೊದಲು ಹೇಳಿದ್ದು ಬೇರೆ.

"ಅಕ್ಕಾರ, ಕಾಗದದಾಗ ಬದಲಿ ಆಗೇತ್ರಿ. ಮಗಳ ಕಡೆ ಓದಿಸೇನಿ. ಮಾಲೀಕರು ಕಡಿಮಿ ಮಾಡ್ಯಾರ ಅಂತ ಐತಿ."

ಆ ಭತ್ಯೆ ಬರುತ್ತಿದ್ದ ತಿಂಗಳುಗಳಲ್ಲಿ ಅವಳು ಕೈಗೆ ಸಿಕ್ಕಿದ ಕೆಲಸಕ್ಕೆ ಬೀಳದೆ ನೋಡಿ, ವಿಚಾರಿಸಿ, ಸಾಯನ್ ಕಡೆಯ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಸೇರಿಕೊಂಡಳು. ಈಗ ಅಲ್ಲಿ ರೊಟ್ಟಿ, ಚಪಾತಿಯ ಜವಾಬ್ದಾರಿ ಪೂರ್ತಿ ಅವಳದು. ನಮ್ಮ ಹೊಸ ಕಟ್ಟಡ ಎದ್ದ ಮೇಲೆ ಬರುತ್ತೀರಾ ಎಂದು ಗಂಡ ಕೇಳಿದ್ದಕ್ಕೆ, "ಆವಾಗ ನೋಡೂಣ್ರಿ, ಪಗಾರ ಎಷ್ಟ್ ಕೊಡ್ತೀರಿ ಮದಲ ಹೇಳ್ರಿ" ಎಂದಳು. ಅವರು ಬಾಯಿ ತುಂಬ ನಕ್ಕರು.

ಅದಾದ ಮೇಲೆ ದಾದಾ ಇನ್ನೊಂದು ಮಾತು ಎತ್ತಿದರು. ಭತ್ಯೆಯ ಬಗ್ಗೆ ಮಾತನಾಡುವ ನಮ್ಮಲ್ಲಿ ಒಬ್ಬರೂ ಆ ಸಾಲಿನಲ್ಲಿ ನಿಂತವರಲ್ಲ, ಪ್ರತಿ ಸಭೆಗೂ ನಿಂತವರೊಬ್ಬರನ್ನು ಅರ್ಧ ಗಂಟೆ ಕರೆಸಿ ಕೇಳೋಣ ಎಂದರು. ಅಧಿಕಾರಿ ಕೂಡಲೇ ಒಪ್ಪಿದರು. ಮೊದಲು ಯಾರು ಎನ್ನುವ ಪ್ರಶ್ನೆಗೆ ಎಲ್ಲರೂ ನನ್ನ ಕಡೆ ನೋಡಿದರು.

ಮೌಶಿ ಕ್ಯಾಂಟೀನಿಗೆ ಅರ್ಧ ದಿನ ರಜೆ ಹಾಕಿ ಬಂದಳು. ಇಸ್ತ್ರಿ ಮಾಡಿದ ಹಸಿರು ಇಳಕಲ್ ಸೀರೆ. ನಾನು ಬೈಕುಲ್ಲಾ ಸ್ಟೇಷನ್ನಿನಲ್ಲಿ ಕಾದು ಕರೆದುಕೊಂಡು ಹೋದೆ. ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದಿದ್ದಳು, ಆದರೆ ಕುರ್ಚಿಯಲ್ಲಿ ಕೂತ ಮೇಲೆ ಅಂಜಲಿಲ್ಲ. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ, ಎಲ್ಲಿಯೂ ತಡವರಿಸದೆ, ತಾನು ಅಲೆದದ್ದನ್ನೆಲ್ಲ ಹೇಳಿದಳು. ಕೊನೆಗೆ ಅಧಿಕಾರಿ, ನಮಗೆ ಏನಾದರೂ ಸಲಹೆ ಉಂಟೇ ಎಂದು ಕೇಳಿದರು.

"ಉಂಟು ಮ್ಯಾಡಮ್" ಎಂದಳು. "ಭತ್ಯೆ ನಿಲ್ಲದಿರಬೇಕಾದರೆ, ಇನ್ನೂ ಕೆಲಸ ಸಿಕ್ಕಿಲ್ಲ ಅಂತ ಹೇಳಲು ತಿಂಗಳು ತಿಂಗಳೂ ನಿಮ್ಮ ಕಿಟಕಿಗೆ ಹನ್ನೊಂದು ಗಂಟೆಗೆ ಬರಬೇಕು, ಅದೂ ಕೆಲಸದ ದಿನ. ಕೆಲಸ ಹುಡುಕುವವರು ಬಾಗಿಲು ಬಾಗಿಲು ತಿರುಗುವುದೂ ಅದೇ ಹೊತ್ತಿಗೆ. ನಿಮ್ಮ ಹತ್ತಿರ ಬಂದರೆ ಕೆಲಸ ಹೋಗುತ್ತದೆ, ಕೆಲಸ ಕೇಳಲು ಹೋದರೆ ನಿಮ್ಮ ಕಿಟಕಿ ತಪ್ಪುತ್ತದೆ. ಒಂದು ಶನಿವಾರ ಇಟ್ಟರೆ ಆಗುವುದಿಲ್ಲವೇ?"

ಕಾರ್ಖಾನೆಯವರು ಮೇಜು ತಟ್ಟಿದರು. ಅಧಿಕಾರಿ ಸ್ವಲ್ಪ ಯೋಚಿಸಿ, ತಿಂಗಳಿಗೊಂದು ಶನಿವಾರ ಕಿಟಕಿ ತೆರೆಯುವುದು ತನ್ನ ಕೈಯಲ್ಲೇ ಇದೆ, ಸಿಬ್ಬಂದಿಯ ಹತ್ತಿರ ಮಾತನಾಡಿ ನೋಡುತ್ತೇನೆ ಎಂದರು. ನೋಡಿದರು ಕೂಡ.

ಮೊದಲ ಶನಿವಾರ ನಾನು ಕುತೂಹಲಕ್ಕೆಂದು ಆ ಕಡೆ ಹೋದೆ. ಯಾರೂ ಬಂದಿರಲಿಕ್ಕಿಲ್ಲ, ಇಂಥದ್ದೆಲ್ಲ ಜನರಿಗೆ ತಿಳಿಯುವುದೇ ತಡ ಎಂದುಕೊಂಡಿದ್ದೆ. ಬೆಂಚು ತುಂಬಿತ್ತು. ಗೋಡೆಗೆ ಒರಗಿಕೊಂಡು ಇನ್ನೂ ಕೆಲವರು ನಿಂತಿದ್ದರು. ಒಬ್ಬಳು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಯೂನಿಫಾರ್ಮಿನ ಮೇಲೆ ಅಂಗಿ ಹಾಕಿಕೊಂಡ ವಾಚ್‌ಮನ್ ಒಬ್ಬ ಪಕ್ಕದವನ ಅರ್ಜಿಯನ್ನು ತುಂಬಿಕೊಡುತ್ತಿದ್ದ. ಕಿಟಕಿಯ ಹುಡುಗಿ ನನ್ನನ್ನು ನೋಡಿ, "ರಜೆ ಹೋಯಿತು ಮ್ಯಾಡಮ್, ನಿಮ್ಮಿಂದ" ಎಂದು ಗೊಣಗಿದಳು. ಗೊಣಗುತ್ತಲೇ ಮುಂದಿನವರನ್ನು ಕರೆದಳು.